ಅಗ್ಗದ ಕೆಂಪು ವೈನು ಮತ್ತು ಮುಚ್ಚುಮರೆಯಿಲ್ಲದ ಕಪಾಟು

ಮಹಾರಾಷ್ಟ್ರದಲ್ಲಿ ದಾರು ಅಂಗಡಿಗೆ 'ವೈನ್ ಶಾಪ್' ಅಂತ ಹೆಸರು. ನಮ್ಮ ಕರ್ನಾಟಕದಲ್ಲಿ ಅದೇ 'ವೈನ್ಸ್'. ಒಳಗೆ ಇಣುಕಿದರೆ ಕಾಣುವುದು ವಿಸ್ಕಿ, ರಮ್ಮು, ಬೀರು. ಅಂಗಡಿಗೆ ಹೆಸರು ಕೊಟ್ಟ ವೈನು ಪಾಪ, ಯಾವುದೋ ಮೂಲೆಯ ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಮದುವೆ ಮನೆಯಲ್ಲಿ ಮದುಮಗನನ್ನೇ ಯಾರೂ ಮಾತನಾಡಿಸದ ಹಾಗೆ!

ಆ ಮೂಲೆಯ ಹಲಗೆಯ ಪರವಾಗಿ ನಾಲ್ಕು ಮಾತು ಬರೆಯೋಣ ಅನಿಸಿತು. ಅದರಲ್ಲೂ ಅಗ್ಗದ ಕೆಂಪು ವೈನಿನ ಪರವಾಗಿ. ಮೊದಲೇ ಹೇಳಿಬಿಡುತ್ತೇನೆ, ಕುಡಿಯದವರಿಗೆ ಕುಡಿಯಲು ಕಲಿಸಲಿಕ್ಕೆ ಈ ಬರಹವಲ್ಲ. ಕುಡಿಯದೆ ಇರುವವರು ಹಾಗೆಯೇ ಇರಿ, ದುಡ್ಡೂ ಉಳಿಯುತ್ತದೆ, ಲಿವರೂ ಉಳಿಯುತ್ತದೆ. ನನ್ನ ಮಾತು ಈಗಾಗಲೇ ಕುಡಿಯುವವರಿಗೆ. ಅದರಲ್ಲೂ ಊರು ಬಿಟ್ಟು ಪುಣೆಯಂಥ ಶಹರಕ್ಕೆ ಬಂದು, ಶನಿವಾರ ಸಂಜೆ ಹೆಂಡತಿಗೆ 'ಆಫೀಸಿನವರ ಜೊತೆ ಮೀಟಿಂಗ್ ಇದೆ' ಎಂದು ಹೇಳಿ ಪರ್ಮಿಟ್ ರೂಮಿನ ಮಬ್ಬು ಬೆಳಕಿನಲ್ಲಿ ಕೂರುವ ನನ್ನ ವಯಸ್ಸಿನ ಗಂಡಸರಿಗೆ.

ಅಂದ ಹಾಗೆ ಈ 'ಪರ್ಮಿಟ್ ರೂಮ್' ಅನ್ನುವ ಮಾತಿನ ಮೂಲ ಗೊತ್ತೇ? ಇಲ್ಲಿ ಇಂದಿಗೂ ಚಾಲ್ತಿಯಲ್ಲಿರುವುದು 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಅಂದರೆ ಕಾಗದದ ಮೇಲೆ ಮಹಾರಾಷ್ಟ್ರದಲ್ಲಿ ಕುಡಿಯುವುದು ನಿಷೇಧ, ಪರವಾನಗಿ ಇದ್ದವರಿಗೆ ಮಾತ್ರ ವಿನಾಯಿತಿ. ಒಂದು ದಿನದ ಪರ್ಮಿಟ್ಟಿಗೆ ಐದು ರೂಪಾಯಿ, ಜೀವಮಾನದ್ದಕ್ಕೆ ಸಾವಿರ ರೂಪಾಯಿ. ಬಹಳ ಜನ ಇದನ್ನು ತಗೊಂಡೇ ಇರುವುದಿಲ್ಲ, ಸಾಮಾನ್ಯವಾಗಿ ಯಾರೂ ಕೇಳುವುದೂ ಇಲ್ಲ. ಕಾಯ್ದೆಯಲ್ಲಿ ನಿಷೇಧ, ಬೀದಿಯಲ್ಲಿ ಧಾರಾಳ. ಬಾಯಲ್ಲಿ ಒಂದು, ಕೈಯಲ್ಲಿ ಇನ್ನೊಂದು. ಮದ್ಯದ ವಿಷಯದಲ್ಲಿ ನಮ್ಮ ಸರ್ಕಾರ ಹೇಗೋ ನಮ್ಮ ಮನೆಗಳೂ ಹಾಗೆಯೇ. ನನ್ನ ತಕರಾರು ಇರುವುದು ಇಲ್ಲಿಯೇ.

ಇರಲಿ, ಮೊದಲು ವೈನಿನ ವಿಷಯಕ್ಕೆ ಬರೋಣ.

ಪುಣೆಯಲ್ಲಿ ಇರುವವರು ಒಂದು ಲೆಕ್ಕದಲ್ಲಿ ಅದೃಷ್ಟವಂತರು. ದೇಶದ ವೈನಿನ ಬಹುಪಾಲು ಹುಟ್ಟುವುದು ನಮ್ಮ ಆಸುಪಾಸಿನಲ್ಲೇ. ಪುಣೆ-ನಾಸಿಕ್ ರಸ್ತೆಯ ನಾರಾಯಣಗಾಂವ್‌ನಲ್ಲಿ ಶ್ಯಾಮ ಚೌಗುಲೆಯವರು 1980ರ ದಶಕದಲ್ಲೇ ಶಾಟೋ ಇಂಡಾಜ್ ಕಟ್ಟಿದ್ದರು. ಅವರ 'ಒಮರ್ ಖಯ್ಯಾಮ್' ಎಂಬ ನೊರೆ ವೈನು ಪರದೇಶಕ್ಕೂ ಹೋಗುತ್ತಿತ್ತು. ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದು ನಾಸಿಕ್ಕಿನಲ್ಲಿ ಶುರು ಮಾಡಿದ ಸುಲಾ 2000ದಲ್ಲಿ ಮೊದಲ ವೈನು ಹೊರತಂದಿತು, 2022ರ ಡಿಸೆಂಬರಿನಲ್ಲಿ ಶೇರು ಮಾರುಕಟ್ಟೆಗೂ ಬಂತು. ಫ್ರಾತೆಲ್ಲಿಯವರ ತೋಟಗಳಿರುವುದು ಸೋಲಾಪುರ ಜಿಲ್ಲೆಯ ಅಕಲೂಜಿನ ಕಡೆ. ಸೋಲಾಪುರ ಜಿಲ್ಲೆ ಅಂದಮೇಲೆ ಕನ್ನಡಿಗರಿಗೆ ಅರ್ಧ ಮನೆಯೇ ಆಯಿತಲ್ಲ! ಸೋಲಾಪುರ ರಸ್ತೆಯಲ್ಲೇ ನಮ್ಮ ಮಾಂಜರಿಯಲ್ಲಿ ಕೇಂದ್ರ ಸರ್ಕಾರದ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಇದೆ, 1997ರಲ್ಲಿ ಆರಂಭವಾದದ್ದು.

ನಮ್ಮ ನಾಡೂ ಏನು ಕಡಿಮೆಯಿಲ್ಲ. ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲಲ್ಲಿ ಫ್ರೆಂಚ್ ಬಳ್ಳಿಗಳನ್ನು ನೆಟ್ಟು 1990ರ ದಶಕದ ಆರಂಭದಲ್ಲೇ ವೈನು ಮಾಡಿದರು. ಹಂಪಿಯ ಕಡೆಯ ಬೆಟ್ಟಗಳಲ್ಲಿ ಕೃಷ್ಮಾ ಇದೆ, ಅದು ನನ್ನ ಬಜೆಟ್ಟಿನದಲ್ಲ ಬಿಡಿ. 'ಬೆಂಗಳೂರು ಬ್ಲೂ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ವಿಜಯಪುರ, ತಿಕೋಟಾ ಕಡೆಯದ್ದು ಮಾತ್ರ ತಿನ್ನುವ ಹಣ್ಣು ಮತ್ತು ಒಣದ್ರಾಕ್ಷಿ.

ತಿನ್ನುವ ದ್ರಾಕ್ಷಿಗೂ ವೈನಿನ ದ್ರಾಕ್ಷಿಗೂ ಬಹಳ ಫರಕು. ತಿನ್ನುವ ಹಣ್ಣು ದೊಡ್ಡದು, ಸಿಪ್ಪೆ ತೆಳು, ಬೀಜ ಇಲ್ಲ. ವೈನಿನದು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ಕೆಂಪು ವೈನಿನ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ರಸವನ್ನು ಸಿಪ್ಪೆ-ಬೀಜಗಳ ಜೊತೆಗೇ ಹುದುಗಲು ಬಿಡುತ್ತಾರೆ. ಆಗ ಬಣ್ಣದ ಜೊತೆ ಟ್ಯಾನಿನ್ ಎಂಬ ಒಗರೂ ಇಳಿಯುತ್ತದೆ. ಕಡಕ್ ಚಹಾ ಕುಡಿದಾಗ, ಅಡಿಕೆ ಅಗಿದಾಗ ನಾಲಿಗೆ ಬಿಗಿಯುತ್ತದಲ್ಲ, ಅದೇ ಜಾತಿಯ ಒಗರು. ಯುರೋಪಿನಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಯ್ಲು. ನಮ್ಮಲ್ಲಿ ಬಳ್ಳಿ ಚಳಿಗೆ ಮಲಗುವುದೇ ಇಲ್ಲವಾದ್ದರಿಂದ ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಚಾಟಣಿ ಮಾಡಿ, ಜನವರಿಯಿಂದ ಮಾರ್ಚ್ ಒಳಗೆ ಹಣ್ಣು ಇಳಿಸುತ್ತಾರೆ.

ಈಗ ದುಡ್ಡಿನ ಮಾತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕೂತವನಿಗೆ ಇದನ್ನು ಬಿಟ್ಟು ಬೇರೆ ಏನು ಬರುತ್ತದೆ ಹೇಳಿ!

ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದು ಇಲ್ಲಿಯೇ ತಯಾರಾದ ವೈನಿಗೆ ಅಬಕಾರಿ ಸುಂಕದಲ್ಲಿ ದೊಡ್ಡ ರಿಯಾಯಿತಿ ಕೊಟ್ಟಿತು. ಕರ್ನಾಟಕವೂ 2007ರಲ್ಲಿ ತನ್ನದೇ ವೈನ್ ನೀತಿ ತಂದಿತು. ಹೀಗಾಗಿ ಇಲ್ಲಿಯ ಸಾಧಾರಣ ಕೆಂಪು ವೈನು ನಮ್ಮಂಥವರ ಕೈಗೆ ಎಟುಕುತ್ತದೆ. ಹೊರದೇಶದ ವೈನಿಗೆ ಬಹುಕಾಲದಿಂದ ಇದ್ದದ್ದು ಶೇಕಡ 150 ಆಮದು ಸುಂಕ. 2022ರ ಡಿಸೆಂಬರಿನಿಂದ ಆಸ್ಟ್ರೇಲಿಯದ ವೈನಿಗೆ ಅದು ಇಳಿಯತೊಡಗಿತಾದರೂ, ಅದು ಬಾಟಲಿಗೆ ಐದು ಡಾಲರಿಗಿಂತ ಹೆಚ್ಚು ಬೆಲೆಯದಕ್ಕೆ ಮಾತ್ರ. ಲೆಕ್ಕ ಹಾಕಿ ನೋಡಿ: ಅಲ್ಲಿ ಮುನ್ನೂರು ರೂಪಾಯಿ ಬೆಲೆಯ ಬಾಟಲಿಗೆ 150 ಸುಂಕ ಬಿದ್ದರೆ ಬಂದರಿನಲ್ಲೇ ಏಳುನೂರೈವತ್ತು. ಅದರ ಮೇಲೆ ರಾಜ್ಯದ ತೆರಿಗೆ, ಆಮದುದಾರನ ಲಾಭ, ಅಂಗಡಿಯವನ ಲಾಭ. ಕೊನೆಗೆ ನೀವು ಸಾವಿರದ ಮೇಲೆ ಕೊಟ್ಟು ತರುವುದು ಅಲ್ಲಿಯ ಜನ ದಿನಾ ಊಟದ ಜೊತೆ ಕುಡಿಯುವ ಮುನ್ನೂರರ ಮಾಲು. ಉಳಿದದ್ದೆಲ್ಲ ಸುಂಕ ಕುಡಿದ ಹಾಗೆ. ಅದಕ್ಕೇ ನನ್ನ ಪಾಲಿಸಿ ಏನೆಂದರೆ, ಹತ್ತಿರದ್ದನ್ನು ಕೊಳ್ಳು, ಬಾಟಲಿಗೆ ಐನೂರು-ಆರುನೂರರ ಆಚೆ ಹೋಗಬೇಡ.

ಆರುನೂರರ ಬಾಟಲಿಯಲ್ಲಿ 750 ಮಿಲಿಲೀಟರ್, ಅಂದರೆ 150ರ ಐದು ಲೋಟ. ಲೋಟಕ್ಕೆ ನೂರಿಪ್ಪತ್ತು ರೂಪಾಯಿ. ಶನಿವಾರ ನನಗೊಂದು, ನನ್ನ ಹೆಂಡತಿಗೊಂದು. ಭಾನುವಾರ ಮತ್ತೆ ಅಷ್ಟೇ. ಐದನೆಯದರ ಬಗ್ಗೆ ಜಗಳ. ತಿಂಗಳಿಗೆ ನಾಲ್ಕು ಬಾಟಲಿ, ಎರಡು ಸಾವಿರದ ನಾನೂರು. ಹೋಟೆಲಿನಲ್ಲಿ ಕೂತು ಇಬ್ಬರೂ ಒಂದೊಂದು ಲೋಟ ವೈನು ತಗೊಂಡು ಬಿಲ್ಲು ನೋಡಿದವರಿಗೆ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ.

'ಅಗ್ಗದ್ದು ಕುಡಿದರೆ ಏನು ಬಂತು ಸಾರ್, ಕುಡಿದರೆ ಒಳ್ಳೆಯದನ್ನೇ ಕುಡಿಯಬೇಕು' ಎನ್ನುವವರು ಇದ್ದಾರೆ. ಇವರು ಲೋಟ ತಿರುಗಿಸಿ, ಮೂಗು ಇಳಿಸಿ, ಬೆರಿ ಹಣ್ಣಿನ ಪರಿಮಳ ಎಂದು ಹೇಳುತ್ತಾರೆ. ಆ ಬೆರಿ ಹಣ್ಣನ್ನು ನಾವ್ಯಾರೂ ಕಂಡವರಲ್ಲ. ನೇರಳೆ ಹಣ್ಣು ಅಂದಿದ್ದರೆ ನನಗೂ ತಿಳಿಯುತ್ತಿತ್ತು! ಇವರಿಗೆ ಎರಡು ಸಂಗತಿ ಹೇಳಬೇಕು. 1976ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ವೈನ್ ವ್ಯಾಪಾರಿ, ಹೆಸರು ಮುಚ್ಚಿ ಫ್ರಾನ್ಸಿನ ಪ್ರಸಿದ್ಧ ವೈನುಗಳನ್ನೂ ಕ್ಯಾಲಿಫೋರ್ನಿಯದ ಹೊಸಬರ ವೈನುಗಳನ್ನೂ ಫ್ರೆಂಚ್ ಪಂಡಿತರಿಗೇ ಕುಡಿಸಿದ. ಕೆಂಪು, ಬಿಳಿ ಎರಡರಲ್ಲೂ ಗೆದ್ದದ್ದು ಕ್ಯಾಲಿಫೋರ್ನಿಯ. ಇನ್ನೊಂದು 2008ರಲ್ಲಿ ಪ್ರಕಟವಾದ ಅಧ್ಯಯನ. ಅಮೆರಿಕದಲ್ಲಿ ಬೆಲೆ ಮುಚ್ಚಿಟ್ಟು ಆರು ಸಾವಿರಕ್ಕೂ ಹೆಚ್ಚು ಸಲ ರುಚಿ ನೋಡಿಸಿದರು. ತರಬೇತಿ ಇಲ್ಲದ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ, ಒಂದಿಷ್ಟು ಕಡಿಮೆಯೇ ಮೆಚ್ಚಿದರು. ಬೆಲೆ ಕಂಡರೆ ರುಚಿ ಹೆಚ್ಚುತ್ತದೆ, ಬೆಲೆ ಮುಚ್ಚಿದರೆ ನಾಲಿಗೆ ನಿಜ ಹೇಳುತ್ತದೆ. ನಮ್ಮಂಥ ಸಾಮಾನ್ಯ ನಾಲಿಗೆಯವರಿಗೆ ಇದಕ್ಕಿಂತ ಶುಭ ಸುದ್ದಿ ಬೇಕೇ?

ಹಾಗಂತ ಅಗ್ಗದ್ದೆಲ್ಲ ಒಂದೇ ಅಲ್ಲ. ನಮ್ಮಲ್ಲಿ ತೀರ ಅಗ್ಗಕ್ಕೆ 'ಪೋರ್ಟ್' ಎಂಬ ಹೆಸರಿನಲ್ಲಿ ಮಾರುವುದು ಸಿಹಿ ವೈನು. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ದೌರೊ ಕಣಿವೆಯದು, ಅದಕ್ಕೆ ದ್ರಾಕ್ಷಿಯ ಸಾರಾಯಿ ಬೆರೆಸಿ ಶೇಕಡ 20ರವರೆಗೆ ಏರಿಸಿರುತ್ತಾರೆ. ಹೆಸರು ಒಂದೇ, ಜಾತಿ ಬೇರೆ. ಸಿಹಿ ಇಷ್ಟವಾದರೆ ನಾಚಿಕೆ ಪಡದೆ ಅದನ್ನೇ ಕುಡಿಯಿರಿ. ಆದರೆ ಶರಬತ್ತಿನ ಹಾಗೆ ಇಳಿಯುತ್ತದೆ ಅಂತ ಲೆಕ್ಕ ತಪ್ಪಬಾರದು, ಅಷ್ಟೇ.

ಅಗ್ಗದ ವೈನನ್ನು ಚೆನ್ನಾಗಿ ಮಾಡುವ ಉಪಾಯಗಳು ಸುಲಭ. ಮೊದಲನೆಯದು, ಫ್ರಿಜ್ಜು. ಕೆಂಪು ವೈನನ್ನು 'ಕೋಣೆಯ ಉಷ್ಣತೆ'ಯಲ್ಲಿ ಕುಡಿಯಬೇಕು ಎಂದು ಪುಸ್ತಕಗಳು ಹೇಳುತ್ತವೆ. ಆ ಕೋಣೆ ಯುರೋಪಿನದು, 16-18 ಡಿಗ್ರಿಯದು. ಏಪ್ರಿಲ್ ತಿಂಗಳ ಪುಣೆಯ ಕೋಣೆಯಲ್ಲಿ ವೈನು ಇಟ್ಟು ಕುಡಿದರೆ ಕಷಾಯವೇ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಆರುನೂರರದು ಸಾವಿರದ್ದರ ಹಾಗೆ ವರ್ತಿಸುತ್ತದೆ. ಎರಡನೆಯದು, ಅಂಗಡಿಯಲ್ಲಿ ಬಿಸಿಲು ಬೀಳುವ ಜಾಗದ ಬಾಟಲಿ ತರಬೇಡಿ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಈ ಬೆಲೆಯ ವೈನಿಗೆ ಅನ್ವಯಿಸುವುದಿಲ್ಲ. ಲೇಬಲ್ಲಿನ ಮೇಲೆ ಇಸವಿ ನೋಡಿ, ಹೊಸದನ್ನೇ ತನ್ನಿ. ಮೂರನೆಯದು, ತೆರೆದ ಬಾಟಲಿಯ ಬಾಯಿ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು-ನಾಲ್ಕು ದಿನ ತೊಂದರೆಯಿಲ್ಲ. ತಿರುಚುವ ಮುಚ್ಚಳದ ಬಾಟಲಿ ಕಂಡು ಮೂಗು ಮುರಿಯಬೇಡಿ, ನಮ್ಮಂಥವರಿಗೆ ಅದೇ ಅನುಕೂಲ.

ಊಟದ ವಿಷಯ. ಒಗರು ಜಾಸ್ತಿ ಇರುವ ವೈನಿನ ಜೊತೆ ಖಾರ ಸೇರಿದರೆ ಬಾಯಿ ಉರಿಯುತ್ತದೆ, ಆಲ್ಕೋಹಾಲು ಖಾರವನ್ನು ಇನ್ನೂ ಎಬ್ಬಿಸುತ್ತದೆ. ಹೀಗಾಗಿ ಕೆಂಪು ಖಾರದ ಚಟ್ನಿ, ಮಿಸಳ್ ಜೊತೆ ಬೇಡ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಜೊತೆಗೆ ಹಗುರ ಕೆಂಪು ವೈನು ಸ್ವಲ್ಪ ತಣ್ಣಗಿದ್ದರೆ ಚೆನ್ನಾಗಿ ಹೊಂದುತ್ತದೆ. ಬದನೆಯ, ಶೇಂಗಾದ ಎಣ್ಣೆಯಂಶ ನಾಲಿಗೆಯ ಒಗರನ್ನು ತೊಳೆಯುತ್ತದೆ. ಪನೀರೂ ಆದೀತು. ನಮ್ಮ ಮನೆಯಲ್ಲಿ ವೈನ್ ಗ್ಲಾಸು ಎರಡಿದ್ದವು, ಒಂದು ಒಡೆಯಿತು. ಈಗ ಸ್ಟೀಲ್ ಲೋಟ. ರುಚಿ ಏನೂ ಓಡಿಹೋಗಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಾನೂ ಅದೇ ಕಳ್ಳರ ಗುಂಪಿಗೆ ಸೇರುತ್ತೇನೆ.

'ಕೆಂಪು ವೈನು ಹೃದಯಕ್ಕೆ ಒಳ್ಳೆಯದಂತೆ' ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಈ ಮಾತು ಊರೆಲ್ಲ ಹಬ್ಬಿದ್ದು 1991ರಲ್ಲಿ, ಅಮೆರಿಕದ ಟೀವಿಯ ಒಂದು ಕಾರ್ಯಕ್ರಮ 'ಫ್ರೆಂಚ್ ವಿರೋಧಾಭಾಸ'ದ ಬಗ್ಗೆ ಹೇಳಿದ ಮೇಲೆ. ಬೆಣ್ಣೆ ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಕಾರಣ ಕೆಂಪು ವೈನು ಇರಬಹುದು ಎಂಬ ವಾದ. ಆಮೇಲೆ ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಎಂಬ ವಸ್ತುವಿನ ಹೆಸರು ಬಂತು. ಅದು ವೈನಿನಲ್ಲಿರುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಮೇಲಾಗಿ ಹಳೆಯ ಅಧ್ಯಯನಗಳಲ್ಲಿ 'ಕುಡಿಯದವರು' ಎಂಬ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಸಹಜವಾಗಿಯೇ ಅವರಿಗಿಂತ ಸ್ವಲ್ಪ ಕುಡಿಯುವವರು ಗಟ್ಟಿಮುಟ್ಟಾಗಿ ಕಂಡರು. ಆಲ್ಕೋಹಾಲು ಕ್ಯಾನ್ಸರಕಾರಕ ಎಂದು 1988ರಲ್ಲೇ ಪಟ್ಟಿಗೆ ಸೇರಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಆದ್ದರಿಂದ ಔಷಧಿ ಎಂದು ಕುಡಿಯಬೇಡಿ. ರುಚಿಗೆ ಕುಡಿಯುತ್ತೀರಾ, ರುಚಿಗೆ ಎಂದೇ ಹೇಳಿ. ಹೋಳಿಗೆಯನ್ನು ಯಾರಾದರೂ ಆರೋಗ್ಯಕ್ಕೆ ಅಂತ ತಿನ್ನುತ್ತಾರೆಯೇ?

ಎರಡನೆಯ ಸುಳ್ಳು, 'ವೈನು ಮದ್ಯ ಅಲ್ಲ'. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಂಪುಟ ದೊಡ್ಡ ಕಿರಾಣಿ ಅಂಗಡಿ, ಸೂಪರ್ ಮಾರ್ಕೆಟ್ಟುಗಳಲ್ಲಿ ವೈನು ಮಾರಲು ಒಪ್ಪಿದಾಗ ಈ ಮಾತು ಬಹಳ ಕೇಳಿಬಂತು. ಅಣ್ಣಾ ಹಜಾರೆಯವರು ವಿರೋಧಿಸಿದರು, ವಿರೋಧ ಪಕ್ಷದವರು ಕೂಗಾಡಿದರು, ತೀರ್ಮಾನ ಕಾಗದದಲ್ಲೇ ಉಳಿಯಿತು. ವೈನ್ ಪ್ರಿಯನಾಗಿಯೂ ನಾನು ಆ ಮಾತನ್ನು ಒಪ್ಪುವುದಿಲ್ಲ. ಲೆಕ್ಕ ಸುಲಭ. ಶೇಕಡ 13ರ ವೈನು 150 ಮಿಲಿ ಕುಡಿದರೆ ಹೊಟ್ಟೆಗೆ ಹೋಗುವ ಶುದ್ಧ ಆಲ್ಕೋಹಾಲು ಹತ್ತೊಂಬತ್ತೂವರೆ ಮಿಲಿ. ಶೇಕಡ 42.8ರ ವಿಸ್ಕಿ 45 ಮಿಲಿ ಕುಡಿದರೂ ಹೆಚ್ಚೂಕಡಿಮೆ ಅಷ್ಟೇ. ಅಂದರೆ ಒಂದು ಲೋಟ ವೈನು ಒಂದೂವರೆ ಸ್ಮಾಲ್ ಪೆಗ್ಗಿಗೆ ಸಮ. ಇಡೀ ಬಾಟಲಿ ಒಬ್ಬನೇ ಮುಗಿಸಿದರೆ ಏಳೂವರೆ ಸ್ಮಾಲ್ ಪೆಗ್ಗು. 'ನಾನು ವೈನು ಮಾತ್ರ' ಎನ್ನುವವರು ಈ ಲೆಕ್ಕವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬೇಕು.

ರೈತರ ಹೆಸರು ಹೇಳುವುದೂ ಉಂಟು. ಬೆಳೆಗಾರನಿಗೆ ವೈನಿನಿಂದ ಲಾಭ ಆಗುವುದಾದರೆ ನನಗೂ ಖುಷಿಯೇ. ಆದರೆ ಮಹಾರಾಷ್ಟ್ರದ ದ್ರಾಕ್ಷಿಯಲ್ಲಿ ವೈನಿಗೆ ಹೋಗುವುದು ತೀರ ಸಣ್ಣ ಪಾಲು. ಆ ಸಣ್ಣ ಪಾಲಿನವರೂ ಪೆಟ್ಟು ತಿಂದವರೇ. 2008ರ ಆರ್ಥಿಕ ಹಿಂಜರಿತ, ಅದೇ ವರ್ಷ ಮುಂಬಯಿಯ ಮೇಲಿನ ದಾಳಿ, ಎರಡೂ ಸೇರಿ ವೈನಿನ ಮಾರಾಟ ಕುಸಿದಾಗ ನಾಸಿಕ್ ಕಡೆ ಎಷ್ಟೋ ರೈತರು ವೈನ್ ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ಹಾಕಿದರು. ನಾರಾಯಣಗಾಂವ್‌ನ ಇಂಡಾಜ್ ಕೂಡ ಮುಂದಿನ ವರ್ಷಗಳಲ್ಲಿ ಸಾಲದ ಹೊರೆಗೆ ಸಿಕ್ಕಿ ಮುಳುಗಿತು. ಬಳ್ಳಿ ಫಲ ಕೊಡಲು ವರ್ಷಗಳು ಬೇಕು, ಫ್ಯಾಶನ್ನು ಬದಲಾಗಲು ಒಂದು ಸೀಸನ್ ಸಾಕು.

ಇನ್ನು ನಮ್ಮ ಮನೆಗಳ ಮಾತು, ನಿಜವಾಗಿ ನಾನು ಹೇಳಬೇಕಾದದ್ದು ಇದು.

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತವನಿಗೆ ಕುಡಿತ ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಸಂಬಳ ಜಮೆಯಾದ ವಾರದಲ್ಲೇ ಬರಿದಾಗುವ ಖಾತೆಗಳು, ಗಂಡನಿಗೆ ತಿಳಿಯದ ಹಾಗೆ ಇನ್ನೊಂದು ಖಾತೆ ತೆರೆಯಬಹುದೇ ಎಂದು ಮೆತ್ತಗೆ ಕೇಳುವ ಹೆಂಗಸರು, ಎಲ್ಲ ಕಂಡಿದ್ದೇನೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಾಗ ನನ್ನ ಊರಿನ ಹೆಂಗಸರು ದೇವರಿಗೆ ಕಾಯಿ ಒಡೆಸಿದ್ದರು. ಅವರ ಎದುರು ನಿಂತು ವೈನಿನ ರುಚಿಯ ಬಗ್ಗೆ ಭಾಷಣ ಮಾಡುವಷ್ಟು ಮೊಂಡು ಧೈರ್ಯ ನನಗಿಲ್ಲ.

ಆದರೆ ನಮ್ಮ ಮಧ್ಯಮ ವರ್ಗದ ರೋಗ ಬೇರೆ. ನಾವು ಕುಡಿಯುತ್ತೇವೆ, ಕದ್ದು ಕುಡಿಯುತ್ತೇವೆ. ಊರಿಂದ ತಾಯಿ-ತಂದೆ ಬಂದರೆ ಬಾಟಲಿ ಅಟ್ಟಕ್ಕೆ ಹೋಗುತ್ತದೆ. ಮಕ್ಕಳ ಮುಂದೆ ಅದು 'ಕೋಲ್ಡ್ರಿಂಕ್ಸ್'. ಹೆಂಡತಿಗೆ ರುಚಿ ನೋಡುವ ಹಕ್ಕೇ ಇಲ್ಲ, ಚಕ್ಕುಲಿ-ಶೇಂಗಾ ಕರಿದು ಕೊಡುವುದಷ್ಟೇ ಅವಳ ಪಾಲು. ಕದ್ದು ಕುಡಿಯುವವನು ಬೇಗ ಕುಡಿಯುತ್ತಾನೆ, ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾನೆ, ಆಮೇಲೆ ಬೈಕೇರಿ ಮನೆಗೆ ಹೊರಡುತ್ತಾನೆ. ಮುಚ್ಚುಮರೆಯಿಂದ ಕುಡಿತ ಕಡಿಮೆಯಾಗುವುದಿಲ್ಲ, ಲೆಕ್ಕ ತಪ್ಪುತ್ತದೆ ಅಷ್ಟೇ.

ನಾಚಿಕೆಯಾದರೂ ಯಾಕೆ? ಹತ್ತನೆಯ ಶತಮಾನದ ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯನ್ನು ಮುಚ್ಚಿಡದೆ ಮಾಡಿದ್ದಾನೆ. ಅಷ್ಟು ದೂರವೂ ಬೇಡ, ನಮ್ಮ ಅಜ್ಜಿಯರ ಕಪಾಟು ತೆಗೆಯಿರಿ. ದ್ರಾಕ್ಷಾರಿಷ್ಟದ ಬಾಟಲಿ ಇರುತ್ತದೆ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ ಹುದುಗಿಸಿ ಮಾಡಿದ್ದು. ಹುದುಗಿದ ಮೇಲೆ ತಾನಾಗಿಯೇ ಹುಟ್ಟಿದ ಆಲ್ಕೋಹಾಲು ಅದರಲ್ಲೂ ಇದೆ. ಚಮಚದಲ್ಲಿ ಅಳೆದು ಕುಡಿಯುತ್ತಾರೆ ಅನ್ನುವುದೇ ದೊಡ್ಡ ವ್ಯತ್ಯಾಸ. ಅಳತೆ ಅನ್ನುವ ಆ ವಿದ್ಯೆಯನ್ನೇ ನಾವು ಕಲಿಯಬೇಕಾದದ್ದು.

ನಮ್ಮ ಮನೆಯಲ್ಲಿ ಬಾಟಲಿ ಊಟದ ಕಪಾಟಿನಲ್ಲೇ ಇರುತ್ತದೆ. ಊರಿಂದ ಬಂದ ನಮ್ಮವ್ವ ಅದನ್ನು ನೋಡಿ, 'ಇದೇನೋ ತಮ್ಮಾ?' ಅಂದಳು. ಇದ್ದದ್ದನ್ನು ಹೇಳಿದೆ. 'ಎಷ್ಟ ಕುಡೀತಿ?' 'ವಾರದಾಗ ಎರಡ ಲೋಟ ಅವ್ವಾ.' ಸೊಸೆಯ ಕಡೆ ತಿರುಗಿ, 'ಖರೇನ ಏನವಾ?' ಎಂದು ವಿಚಾರಿಸಿದಳು. ಹೌದು ಎಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗ ಸೇರಂಗಿಲ್ಲ. ಆದ್ರ ಕದ್ದ ಇಟ್ಟಿಲ್ಲಲ್ಲ, ಅಷ್ಟ ಸಾಕು. ಮೂರನೇ ಲೋಟ ಹಾಕ್ಕೊಂಡ ದಿನ ನನ್ನ ಬಸ್ಸಿಗೆ ಕೂಡಿಸಿಬಿಡು' ಅಂದಳು. ಯಾವ ಕಾಯ್ದೆಯೂ, ಯಾವ ಪರ್ಮಿಟ್ಟೂ ಹಾಕದ ಕಡಿವಾಣ ಅದು. ಬಾಟಲಿ ಅಟ್ಟದ ಮೇಲಿದ್ದಿದ್ದರೆ ಈ ಮಾತೂ ಹುಟ್ಟುತ್ತಿರಲಿಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಕುಡಿಯುವುದೇ ಆದರೆ ಮನೆಯಲ್ಲಿ, ಊಟದ ಜೊತೆ, ಮನೆಯವರಿಗೆ ಗೊತ್ತಿದ್ದು. ಹೆಂಡತಿಗೆ ಬೇಕಿದ್ದರೆ ಅವಳಿಗೂ ಒಂದು ಲೋಟ, ಬೇಡವಾದರೆ ಒತ್ತಾಯ ಬೇಡ. ಕುಡಿದ ಮೇಲೆ ಗಾಡಿಯ ಕೀಲಿ ಮುಟ್ಟಬೇಡಿ. ಬಿಪಿ, ಸಕ್ಕರೆಗೆ ಗುಳಿಗೆ ನುಂಗುವವರು ಡಾಕ್ಟರರನ್ನು ಕೇಳಿ, ವಾಟ್ಸಾಪನ್ನಲ್ಲ. ಮತ್ತೆ, ಒಂದು ಲೋಟಕ್ಕೆ ನಿಲ್ಲಿಸಲು ಆಗುವುದಿಲ್ಲ ಎಂದು ನಿಮಗೇ ಅನಿಸಿದರೆ ಆ ಬಾಟಲಿ ಆರುನೂರರದಾಗಿರಲಿ ಅರವತ್ತರದಾಗಿರಲಿ, ಅದು ನಿಮಗೆ ದುಬಾರಿಯೇ. ತರಲೇಬೇಡಿ.

ನಿಲ್ಲಿಸಲು ಬರುವವರು ಮುಂದಿನ ಸಲ ಆ ಮೂಲೆಯ ಹಲಗೆಯ ಕಡೆ ಒಮ್ಮೆ ನೋಡಿ. ಧೂಳು ಒರೆಸಿ, ಇಸವಿ ನೋಡಿ, ನಮ್ಮದೇ ಸೀಮೆಯ ಒಂದು ಕೆಂಪು ಬಾಟಲಿ ತನ್ನಿ. ಕಪ್ಪು ಪ್ಲಾಸ್ಟಿಕ್ ಚೀಲ ಮಾತ್ರ ಬೇಡ ಎಂದು ಅಂಗಡಿಯವನಿಗೆ ಹೇಳಿ.

ಏನಂತೀರಿ?